ಅಂಡರ್‌ಟೇಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ತೊಂಬತ್ತರ ದಶಕದಲ್ಲೋ 2000ದ ಆಚೀಚೆಯೋ ಶಾಲೆಗೆ ಹೋದವರ ಮುಂದೆ ರೆಸ್ಲಿಂಗ್ ಮಾತು ತೆಗೆಯಿರಿ. ಐದೇ ನಿಮಿಷದಲ್ಲಿ ಅಂಡರ್‌ಟೇಕರ್ ಬಂದೇ ಬರುತ್ತಾನೆ. ಅವನ ಹಿಂದೆಯೇ ಅವೇ ಪ್ರಶ್ನೆಗಳೂ ಬರುತ್ತವೆ. ಹರಟೆಯಲ್ಲಿ, ಮೆಸೇಜಿನಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಆಟ ಚೆನ್ನಾಗಿ ಗೊತ್ತಿರುವವರು ಮೊದಲ ಭಾಗ ಬಿಟ್ಟು ಮುಂದೆ ಹೋದರೂ ನಡೆಯುತ್ತದೆ.

## ಎಲ್ಲರೂ ಕೇಳುವವು

ಅವನ ನಿಜವಾದ ಹೆಸರೇನು? ಯಾವ ದೇಶದವನು?

ಮಾರ್ಕ್ ವಿಲಿಯಂ ಕ್ಯಾಲವೇ. ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ 1965ರ ಮಾರ್ಚ್ 24ರಂದು ಹುಟ್ಟಿದವನು. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ರಿಂಗಿನಲ್ಲಿ ಎತ್ತರ 6 ಅಡಿ 10 ಇಂಚು ಅಂತ ಘೋಷಣೆ ಆಗುತ್ತಿತ್ತು. ಈ ಲೋಕದಲ್ಲಿ ಎತ್ತರಕ್ಕೆ ಒಂದೆರಡು ಇಂಚು ಸೇರಿಸಿ ಹೇಳೋದು ಮಾಮೂಲು, ಹಾಗಾಗಿ ಅದನ್ನು ಅಳತೆ ಟೇಪಿನ ಲೆಕ್ಕ ಅಂದುಕೊಳ್ಳಬೇಡಿ.

ಏಳು ಸಲ ಸತ್ತು ಬದುಕಿ ಬಂದಿದಾನೆ ಅಂತಿದ್ರಲ್ಲ, ನಿಜಾನಾ?

ಇಲ್ಲ. ಆದರೆ ಈ ಸುದ್ದಿ ಸುಮ್ನೆ ಹುಟ್ಟಿದ್ದಲ್ಲ. ಕಥೆಯೊಳಗೆ ಅವನನ್ನು ಹಲವು ಸಲ ‘ಮುಗಿಸಿದ್ದು’ ಹೌದು. 1994ರ ಜನವರಿಯಲ್ಲಿ ಯೊಕೊಜುನಾ ಅನ್ನೋ ಕುಸ್ತಿಪಟು ಜೊತೆ ಶವಪೆಟ್ಟಿಗೆ ಪಂದ್ಯ ನಡೆಯಿತು. ಹತ್ತು ಜನ ಸೇರಿ ಅವನನ್ನು ಪೆಟ್ಟಿಗೆಗೆ ತುಂಬಿದರು. ಆಮೇಲೆ ಅವನ ‘ಆತ್ಮ’ ಛಾವಣಿಯ ಕಡೆ ಏರಿ ಹೋಯಿತು. ಮೇಲೆ ಹೋದದ್ದು ಅವನ ವೇಷ ಹಾಕಿದ್ದ ಮಾರ್ಟಿ ಜನೆಟಿ ಅನ್ನುವ ಬೇರೆ ಕುಸ್ತಿಪಟು. 1996ರಲ್ಲಿ ಜೀವಂತ ಹೂಳುವ ಪಂದ್ಯದಲ್ಲಿ ಗೆದ್ದ ಮೇಲೂ ಅವನನ್ನೇ ಮಣ್ಣಿಗೆ ಹಾಕಿದರು. 1998ರಲ್ಲಿ ಅವನಿದ್ದ ಪೆಟ್ಟಿಗೆಗೆ, ಕಥೆಯಲ್ಲಿ ಅವನ ತಮ್ಮನಾದ ಕೇನ್ ಬೆಂಕಿ ಇಟ್ಟ. 2003 ಮತ್ತು 2010ರಲ್ಲಿ ಮತ್ತೆ ಹೂತರು.

ಒಳಗಿನ ಕಾರಣ ತುಂಬಾ ಸರಳ. ಬೆನ್ನು ನೋವೋ ಆಪರೇಷನ್ನೋ ಇದ್ದಾಗ ಕೆಲವು ತಿಂಗಳು ರಜೆ ಬೇಕು. ಬೇರೆಯವರಿಗೆ ಕಾಲು ಮುರಿಸಿ ಕಳಿಸಿದರೆ ಸಾಕು. ಸತ್ತವನ ಪಾತ್ರ ಮಾಡುವವನಿಗೆ ಸಮಾಧಿಯೇ ಬೇಕಾಗುತ್ತದೆ! 1994ರಲ್ಲಿ ಹೋಗಿದ್ದೂ ಬೆನ್ನಿನ ಗಾಯಕ್ಕೆ. ಇಂಟರ್ನೆಟ್ ಇಲ್ಲದ ಕಾಲ. ವಾರಕ್ಕೊಂದು ಸಲ ಕೇಬಲ್ ಟಿವಿಯಲ್ಲಿ ಅರ್ಧ ನೋಡಿ, ಉಳಿದರ್ಧ ಟ್ರಂಪ್ ಕಾರ್ಡ್ ಆಡುವಾಗ ಪಕ್ಕದವನ ಬಾಯಲ್ಲಿ ಕೇಳುತ್ತಿದ್ದೆವು. ಐದು ಸಾವು ಏಳಾಗೋದು ಕಷ್ಟವೇನಲ್ಲ.

ಇದೆಲ್ಲ ನಾಟಕ ಅಲ್ವಾ? ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಿರುತ್ತಲ್ವಾ?

ಗೊತ್ತಿರುತ್ತದೆ. ಫಲಿತಾಂಶ ಮೊದಲೇ ತೀರ್ಮಾನ ಆಗಿರುತ್ತದೆ. ಎದುರಾಳಿಗಳಿಬ್ಬರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡೇ ಆಡುತ್ತಾರೆ. ಮೈಸೂರು ದಸರಾ ಕುಸ್ತಿ ನೋಡಿ ಬೆಳೆದವರಿಗೆ ಇದು ಮೋಸ ಅನ್ನಿಸಬಹುದು. ಆದರೆ ಇದನ್ನು ಗರಡಿ ಕುಸ್ತಿಯ ಪಕ್ಕ ಇಟ್ಟು ನೋಡುವುದೇ ತಪ್ಪು. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಬಯಲಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ನಿದ್ದೆಗೆಟ್ಟು ನೋಡುತ್ತಾರೆ, ಯಾಕೆಂದರೆ ಹೇಗೆ ಸಾಯುತ್ತಾನೆ ಅನ್ನೋದು ಆ ರಾತ್ರಿಯ ವೇಷಧಾರಿಯ ಕೈಯಲ್ಲಿದೆ. ಇಲ್ಲೂ ಅಷ್ಟೇ.

ಒಂದು ವ್ಯತ್ಯಾಸ ಇದೆ. ಇಲ್ಲಿ ಬೀಳೋದು ನಿಜ. ರಿಂಗಿನ ನೆಲ ಅಂದರೆ ಮರದ ಹಲಗೆ, ಮೇಲೆ ತೆಳ್ಳಗಿನ ಮೆತ್ತೆ. ಮೂವತ್ತು ವರ್ಷ ಅದರ ಮೇಲೆ ಬೆನ್ನು ಹಾಕಿ ಬಿದ್ದ ದೇಹಕ್ಕೆ ಏನಾಗುತ್ತದೆ ಅನ್ನೋದನ್ನು ಕೆಳಗೆ ಬರೆದಿದ್ದೇನೆ.

ಅಕ್ಷಯ್ ಕುಮಾರ್ ಸಿನಿಮಾದಲ್ಲಿ ಎತ್ತಿ ಒಗೆದಿದ್ದು ಅಸಲಿ ಅಂಡರ್‌ಟೇಕರ್‌ನಾ?

ಅಲ್ಲ. 1996ರ ‘ಖಿಲಾಡಿಯೋಂ ಕಾ ಖಿಲಾಡಿ’ ಚಿತ್ರದಲ್ಲಿ ಆ ವೇಷದಲ್ಲಿ ಇದ್ದವನು ಬ್ರಯಾನ್ ಲೀ ಅನ್ನುವ ಇನ್ನೊಬ್ಬ ಅಮೆರಿಕನ್ ಕುಸ್ತಿಪಟು. ಚಿತ್ರಕ್ಕೆ 25 ವರ್ಷ ತುಂಬಿದಾಗ ಅಕ್ಷಯ್ ಕುಮಾರ್ ತಾವೇ ಇದನ್ನು ಹೇಳಿದರು. ಮಜಾ ಏನೆಂದರೆ, ಬ್ರಯಾನ್ ಲೀಗೆ ಈ ವೇಷ ಹೊಸದಾಗಿರಲಿಲ್ಲ. 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಅಸಲಿ ಅಂಡರ್‌ಟೇಕರ್ ಎದುರು ನಕಲಿ ಅಂಡರ್‌ಟೇಕರ್ ಆಗಿ ಆಡಿ ಸೋತವನೂ ಇವನೇ.

ಕೇನ್ ಸ್ವಂತ ತಮ್ಮನಾ?

ಕಥೆಯಲ್ಲಿ ಮಾತ್ರ. ಅವನ ಹೆಸರು ಗ್ಲೆನ್ ಜೇಕಬ್ಸ್. ಇಬ್ಬರಿಗೂ ಯಾವ ರಕ್ತ ಸಂಬಂಧವೂ ಇಲ್ಲ. ಬಾಲ್ಯದಲ್ಲಿ ಮನೆಗೆ ಬೆಂಕಿ ಬಿದ್ದು ತಮ್ಮ ಸುಟ್ಟು ಹೋದ, ಆದರೆ ಬದುಕಿದ್ದಾನೆ ಅನ್ನೋ ಕಥೆಯನ್ನು ತಿಂಗಳುಗಟ್ಟಲೆ ಎಳೆದರು. ಕೊನೆಗೆ 1997ರ ಅಕ್ಟೋಬರ್ 5ರಂದು ಸೇಂಟ್ ಲೂಯಿಸ್‌ನಲ್ಲಿ ಮುಖವಾಡ ಹಾಕಿದ ಕೇನ್ ರಿಂಗಿನ ಸುತ್ತ ಕಟ್ಟಿದ್ದ ಪಂಜರದ ಬಾಗಿಲು ಕಿತ್ತು ಒಳಗೆ ಬಂದ. ಅದಕ್ಕೂ ಮೊದಲು ಇದೇ ಗ್ಲೆನ್ ಅದೇ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿಯಲ್ಲಿ ಹಲ್ಲಿನ ಡಾಕ್ಟರ್ ಪಾತ್ರ ಮಾಡಿ ಯಾರಿಗೂ ನೆನಪಿಲ್ಲದಂತೆ ಹೋಗಿದ್ದ. 2018ರಲ್ಲಿ ಟೆನೆಸಿ ರಾಜ್ಯದ ನಾಕ್ಸ್ ಕೌಂಟಿಯ ಮೇಯರ್ ಆಗಿ ಚುನಾವಣೆ ಗೆದ್ದ.

ಕೈಯಲ್ಲಿ ಚೊಂಬು ಹಿಡ್ಕೊಂಡು ಬರ್ತಿದ್ದ ಆ ದಪ್ಪ ಮನುಷ್ಯ ಯಾರು?

ಪಾಲ್ ಬೇರರ್. ಅದು ಚೊಂಬಲ್ಲ, ಕಥೆ ಪ್ರಕಾರ ಚಿತಾಭಸ್ಮದ ಕಲಶ. ಅಂಡರ್‌ಟೇಕರ್‌ನ ಶಕ್ತಿಯೆಲ್ಲ ಅದರೊಳಗೆ ಅಂತ ಲೆಕ್ಕ. ಅವರ ನಿಜವಾದ ಹೆಸರು ವಿಲಿಯಂ ಮೂಡಿ. ಅಂತ್ಯಸಂಸ್ಕಾರದ ಕೆಲಸಕ್ಕೆ ಲೈಸೆನ್ಸ್ ಪಡೆದಿದ್ದ ಮನುಷ್ಯ! 1991ರ ಆರಂಭದಲ್ಲಿ ಅಂಡರ್‌ಟೇಕರ್ ಜೊತೆ ಸೇರಿದರು. ಆ ಕೀರಲು ದನಿ, ಬಿಳಿ ಬಳಿದ ಮುಖ ಇಲ್ಲದಿದ್ದರೆ ಮೊದಲ ವರ್ಷಗಳಲ್ಲಿ ಈ ಪಾತ್ರ ಇಷ್ಟು ಬೇರು ಬಿಡುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ. ಅಂಡರ್‌ಟೇಕರ್ ಮಾತಾಡುತ್ತಿದ್ದುದೇ ಕಮ್ಮಿ, ಕಥೆ ಹೇಳುತ್ತಿದ್ದದ್ದು ಇವರು. 2013ರ ಮಾರ್ಚ್‌ನಲ್ಲಿ ತೀರಿಕೊಂಡರು.

## ಕೆರಿಯರ್ ಬಗ್ಗೆ

ಡಬ್ಲ್ಯುಡಬ್ಲ್ಯುಎಫ್‌ಗೆ ಬರೋ ಮುಂಚೆ ಏನ್ ಮಾಡ್ತಿದ್ದ?

ಊರೂರು ಅಲೆಯುತ್ತಿದ್ದ, ಹೆಸರು ಬದಲಿಸುತ್ತಿದ್ದ. 1987ರಲ್ಲಿ ಡಲ್ಲಾಸ್‌ನಲ್ಲಿ ಮುಖವಾಡ ಹಾಕಿ ‘ಟೆಕ್ಸಸ್ ರೆಡ್’ ಅನ್ನೋ ಹೆಸರಿನಲ್ಲಿ ಬ್ರೂಸರ್ ಬ್ರೋಡಿ ಎದುರು ಸೋತ. ಮೆಂಫಿಸ್‌ನಲ್ಲಿ ‘ಮಾಸ್ಟರ್ ಆಫ್ ಪೇನ್’ ಆದ. 1989ರಲ್ಲಿ ಅಲ್ಲಿನ ದೊಡ್ಡ ಹೆಸರು ಜೆರ್ರಿ ಲಾಲರ್‌ನನ್ನು ಸೋಲಿಸಿ ಬೆಲ್ಟ್ ಗೆದ್ದ. ಆಮೇಲೆ ಡಬ್ಲ್ಯುಸಿಡಬ್ಲ್ಯು ಅನ್ನೋ ಇನ್ನೊಂದು ರೆಸ್ಲಿಂಗ್ ಕಂಪನಿ ಸೇರಿ ‘ಮೀನ್ ಮಾರ್ಕ್ ಕ್ಯಾಲಸ್’ ಆದ. ಆಗ ಅವನ ಮ್ಯಾನೇಜರ್ ಪಾಲ್ ಹೇಮನ್. ಹೌದು, ಎಷ್ಟೋ ವರ್ಷದ ಮೇಲೆ ಬ್ರಾಕ್ ಲೆಸ್ನರ್ ಪಕ್ಕ ನಿಂತಿದ್ದ ಅದೇ ಹೇಮನ್.

ಡಬ್ಲ್ಯುಸಿಡಬ್ಲ್ಯುನವರಿಗೆ ಅವನಲ್ಲಿ ದೊಡ್ಡ ಭವಿಷ್ಯವೇನೂ ಕಾಣಲಿಲ್ಲ. ನಿನ್ನನ್ನು ನೋಡೋಕೆ ಯಾರೂ ದುಡ್ಡು ಕೊಡಲ್ಲ ಅಂತ ಅಲ್ಲಿ ಹೇಳಿದ್ದರು ಎಂದು ಅವನೇ ಸಂದರ್ಶನಗಳಲ್ಲಿ ನೆನೆಸಿಕೊಂಡಿದ್ದಾನೆ. 1990ರಲ್ಲಿ ಅಲ್ಲಿಂದ ಹೊರಬಿದ್ದ.

ಅಂಡರ್‌ಟೇಕರ್ ಆಗಿ ಮೊದಲು ಬಂದಿದ್ದು ಯಾವಾಗ?

1990ರ ನವೆಂಬರ್ 22, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್, ಸರ್ವೈವರ್ ಸೀರೀಸ್. ಟೆಡ್ ಡಿಬಿಯಾಸಿ ತನ್ನ ತಂಡದ ಗುಟ್ಟಿನ ಸದಸ್ಯ ಅಂತ ಅವನನ್ನು ಕರೆದ. ಉದ್ದ ಕೋಟು, ಹ್ಯಾಟು, ಬೂದು ಬಣ್ಣದ ಗ್ಲೌಸ್, ಮುಖದಲ್ಲಿ ಒಂದು ಭಾವನೆಯೂ ಇಲ್ಲ. ಹಳೇ ಕೌಬಾಯ್ ಕಾಲದ ಹೆಣ ಹೂಳುವವನ ವೇಷ. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಕೊಕೊ ಬಿ. ವೇರ್‌ನನ್ನು ಔಟ್ ಮಾಡಿದ, ಆಮೇಲೆ ಡಸ್ಟಿ ರೋಡ್ಸ್‌ನನ್ನೂ. ಅವತ್ತಿನ ವಿಡಿಯೋದಲ್ಲಿ ಜನರ ಮುಖ ನೋಡಿ. ನಗಬೇಕೋ ಹೆದರಬೇಕೋ ಗೊತ್ತಾಗದೆ ಕೂತಿದ್ದಾರೆ.

ಅದೇ ರಾತ್ರಿ ಅದೇ ಕಾರ್ಯಕ್ರಮದಲ್ಲಿ ಒಂದು ದೈತ್ಯ ಮೊಟ್ಟೆ ಒಡೆದು ಟರ್ಕಿ ಕೋಳಿ ವೇಷದವನೊಬ್ಬ ಹೊರಬಂದು ಕುಣಿದ. ಜನ ಉಗಿದರು. ಕಂಪನಿಯವರು ವಾರಗಟ್ಟಲೆ ಆ ಮೊಟ್ಟೆಯ ಪ್ರಚಾರ ಮಾಡುತ್ತಿದ್ದರು. ಕೆಲಸಕ್ಕೆ ಕರೆದಾಗ, ಅದರೊಳಗೆ ನನ್ನನ್ನೇ ಕೂರಿಸುತ್ತಾರೇನೋ ಅಂತ ಮಾರ್ಕ್ ಹೆದರಿದ್ದನಂತೆ. ಆಮೇಲೆ ಫೋನ್ ಬಂತು. ಆ ಕಡೆ ಕಂಪನಿಯ ಆಗಿನ ಯಜಮಾನ ವಿನ್ಸ್ ಮೆಕ್‌ಮಹನ್, ‘ಅಂಡರ್‌ಟೇಕರ್ ಇದ್ದಾರಾ?’ ಅಂತ ಕೇಳಿದ. ಈ ಕಥೆಯನ್ನು ಅವನೇ ನಗುತ್ತಾ ಹೇಳುತ್ತಾನೆ.

ಎಷ್ಟು ಸಲ ಚಾಂಪಿಯನ್ ಆಗಿದಾನೆ?

ಮುಖ್ಯ ಬೆಲ್ಟ್ ನಾಲ್ಕು ಸಲ: 1991, 1997, 1999, 2002. ವರ್ಲ್ಡ್ ಹೆವಿವೇಟ್ ಬೆಲ್ಟ್ ಮೂರು ಸಲ: 2007, 2008, 2009. ಮೊದಲನೆಯದನ್ನು ಹಲ್ಕ್ ಹೋಗನ್‌ನಿಂದ ಗೆದ್ದು ಆರೇ ದಿನಕ್ಕೆ ಕಳೆದುಕೊಂಡ. 2007ರಲ್ಲಿ, ಒಬ್ಬರ ಹಿಂದೆ ಒಬ್ಬರಂತೆ 30 ಜನ ರಿಂಗಿಗೆ ಬರುವ ರಾಯಲ್ ರಂಬಲ್‌ನಲ್ಲಿ 30ನೆಯವನಾಗಿ ಬಂದು ಗೆದ್ದ ಮೊದಲಿಗನೂ ಇವನೇ. ಆದರೆ ನಿಜ ಹೇಳಬೇಕೆಂದರೆ ಅವನಿಗೆ ಬೆಲ್ಟ್ ಬೇಕಾಗಿರಲಿಲ್ಲ. ಬೆಲ್ಟ್ ಇಲ್ಲದಿದ್ದರೂ ಕಾರ್ಯಕ್ರಮದ ದೊಡ್ಡ ಪಂದ್ಯ ಅವನದೇ ಆಗಿರುತ್ತಿತ್ತು.

ನಡುವೆ ಬೈಕ್ ಮೇಲೆ ಬರ್ತಿದ್ನಲ್ಲ, ಅದ್ಯಾಕೆ ಹಾಗಾಯ್ತು?

1999ರಲ್ಲಿ ಪಾತ್ರ ಕತ್ತಲ ಕಡೆ ಎಷ್ಟು ಹೋಯಿತೆಂದರೆ ಹಿಂಬಾಲಕರ ದಂಡು, ಬಲಿ, ಪೂಜೆ ಎಲ್ಲ ಬಂತು. ಅಲ್ಲಿಂದ ಮುಂದೆ ಹೋಗೋಕೆ ಜಾಗವೇ ಇರಲಿಲ್ಲ. ಅದೇ ಹೊತ್ತಿಗೆ ಆಸ್ಟಿನ್, ರಾಕ್ ಥರದವರು ತಮ್ಮದೇ ಸ್ವಭಾವವನ್ನು ದೊಡ್ಡದು ಮಾಡಿ ಗೆಲ್ಲುತ್ತಿದ್ದರು. ಗಾಯದಿಂದ ಹೊರಗಿದ್ದವನು 2000ದ ಮೇ ತಿಂಗಳಲ್ಲಿ ಬೈಕ್ ಏರಿ, ಕನ್ನಡಕ ಹಾಕಿ ಬಂದ. ಬೈಕ್ ಹುಚ್ಚು ಅವನಿಗೆ ನಿಜ ಜೀವನದಲ್ಲೂ ಇತ್ತು. 2003ರ ಕೊನೆಯವರೆಗೂ ಹೀಗೇ ನಡೆಯಿತು. 2004ರ ಮಾರ್ಚ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಳೇ ಗಂಟೆ, ಹಳೇ ಹ್ಯಾಟು, ಪಾಲ್ ಬೇರರ್ ಸಮೇತ ವಾಪಸ್ ಬಂದ.

ನಮ್ಮಲ್ಲಿ ಬೈಕ್ ಕಾಲವನ್ನು ಬೈಯುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಆ ಬಿಡುವು ಸಿಕ್ಕಿದ್ದಕ್ಕೇ ಹಳೇ ಪಾತ್ರ ಇನ್ನೂ ಹದಿನಾರು ವರ್ಷ ಬಾಳಿತು.

ಮ್ಯಾನ್‌ಕೈಂಡ್‌ನ ಪಂಜರದ ಮೇಲಿಂದ ಎಸೆದಿದ್ದು ಗ್ರಾಫಿಕ್ಸಾ?

ಅಲ್ಲವೇ ಅಲ್ಲ. 1998ರ ಜೂನ್ 28, ಪಿಟ್ಸ್‌ಬರ್ಗ್. ಸುಮಾರು 16 ಅಡಿ ಎತ್ತರದ ಪಂಜರದ ನೆತ್ತಿಯಿಂದ, ಮ್ಯಾನ್‌ಕೈಂಡ್ ಪಾತ್ರ ಮಾಡುತ್ತಿದ್ದ ಮಿಕ್ ಫೋಲಿಯನ್ನು ಕಾಮೆಂಟ್ರಿ ಮೇಜಿನ ಮೇಲೆ ಎಸೆದ. ಅದು ಮೊದಲೇ ಮಾತಾಡಿಕೊಂಡದ್ದು. ಸ್ಟ್ರೆಚರ್ ಮೇಲೆ ಹೋಗುತ್ತಿದ್ದ ಫೋಲಿ ಎದ್ದು ಮತ್ತೆ ಮೇಲೆ ಹತ್ತಿದ. ಎರಡನೆಯದು ಮಾತ್ರ ಯಾರೂ ಅಂದುಕೊಂಡಿರಲಿಲ್ಲ. ಕುತ್ತಿಗೆ ಹಿಡಿದು ಬಡಿದಾಗ ಛಾವಣಿಯ ಜಾಲರಿ ಕಿತ್ತುಬಂತು. ಫೋಲಿ ನೇರ ರಿಂಗಿನೊಳಕ್ಕೆ ಬಿದ್ದ. ಹಿಂದೆಯೇ ಕುರ್ಚಿ ಬಂದು ಮುಖಕ್ಕೆ ಬಡಿಯಿತು. ಹಲ್ಲು ಹೋಯಿತು, ಪ್ರಜ್ಞೆ ತಪ್ಪಿತು. ಫೋಲಿ ಸತ್ತೇ ಹೋದ ಅಂತ ಅಂಡರ್‌ಟೇಕರ್‌ಗೂ ಅನ್ನಿಸಿತ್ತು.

ಎಷ್ಟೋ ಜನ ಗಮನಿಸದ ಸಂಗತಿ: ಅವತ್ತು ಅಂಡರ್‌ಟೇಕರ್‌ನ ಪಾದದ ಮೂಳೆ ಮುರಿದಿತ್ತು. ಆ ಕಾಲಿಟ್ಟುಕೊಂಡೇ ಜಾಲರಿ ಹತ್ತಿದ್ದ.

ನಮ್ಮ ಖಲಿ ಅವನನ್ನ ಸೋಲಿಸಿದ್ದು ನಿಜಾನಾ?

ನಿಜ. ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ಗ್ರೇಟ್ ಖಲಿ, 2006ರ ಏಪ್ರಿಲ್‌ನಲ್ಲಿ ಮೊದಲ ಸಲ ಕಾಣಿಸಿಕೊಂಡದ್ದೇ ಅಂಡರ್‌ಟೇಕರ್ ಮೇಲೆ ಬಿದ್ದು ಹೊಡೆಯೋಕೆ. ಮೇ ತಿಂಗಳ ಜಡ್ಜ್‌ಮೆಂಟ್ ಡೇಯಲ್ಲಿ ಸಲೀಸಾಗಿ ಸೋಲಿಸಿದ. ಆಗಸ್ಟ್‌ನಲ್ಲಿ ಅಂಡರ್‌ಟೇಕರ್ ಸೇಡು ತೀರಿಸಿಕೊಂಡ. ಪಂದ್ಯಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಹೊಸಬನಿಗೆ ಹೆಸರು ಬರಲಿ ಅಂತ ಅಷ್ಟು ದೊಡ್ಡವನು ಅಷ್ಟು ಪೂರ್ತಿಯಾಗಿ ಸೋತುಕೊಟ್ಟ. ಖಲಿ ರಾತ್ರೋರಾತ್ರಿ ಭಾರತದ ಮನೆಮನೆಗೂ ಗೊತ್ತಾದದ್ದು ಹಾಗೆ.

## ಸ್ವಲ್ಪ ಆಳಕ್ಕೆ ಹೋಗುವವರಿಗೆ

ಟೂಂಬ್‌ಸ್ಟೋನ್ ಹೊಡೆದ್ರೆ ತಲೆ ಒಡೆದು ಹೋಗಲ್ವಾ?

ಸರಿಯಾಗಿ ಮಾಡಿದರೆ ತಲೆ ನೆಲಕ್ಕೆ ತಾಗುವುದೇ ಇಲ್ಲ. ಎದುರಾಳಿಯನ್ನು ತಲೆಕೆಳಗು ಮಾಡಿ ಸೊಂಟ ತಬ್ಬಿ ಹಿಡಿಯುತ್ತಾನೆ. ಎದುರಾಳಿಯ ತಲೆ ಅವನ ತೊಡೆಗಳ ನಡುವೆ, ಮಂಡಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಅವನು ಮಂಡಿಯೂರಿ ಬೀಳುವಾಗ ಭಾರವೆಲ್ಲ ಅವನ ಮಂಡಿಗೆ ಹೋಗುತ್ತದೆ. ಅಂದರೆ ಪೆಟ್ಟು ತಿನ್ನುತ್ತಿದ್ದವನು ಅವನೇ. ಕೆಲವೇ ಇಂಚು ಆಚೀಚೆ ಆದರೆ ಮಾತ್ರ ಕುತ್ತಿಗೆ ಹೋಗುತ್ತದೆ. 1997ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್ ಕೂತು ಬೀಳುವ ಇದೇ ಜಾತಿಯ ಪಟ್ಟು ಹಾಕಿದಾಗ ಸ್ಟೀವ್ ಆಸ್ಟಿನ್ ಕುತ್ತಿಗೆಗೆ ದೊಡ್ಡ ಪೆಟ್ಟಾಯಿತು. ಮುಂದೆ ಕಂಪನಿ ಈ ಜಾತಿಯ ಪಟ್ಟುಗಳನ್ನೇ ನಿಲ್ಲಿಸಿತು. ಅಂಡರ್‌ಟೇಕರ್ ಮತ್ತು ಕೇನ್‌ಗೆ ಮಾತ್ರ ಬಿಟ್ಟುಕೊಟ್ಟಿತು.

ಎದುರಾಳಿಯ ಕೈ ಹಿಡಿದುಕೊಂಡು ರಿಂಗಿನ ಹಗ್ಗದ ಮೇಲೆ ನಡೆಯುತ್ತಿದ್ದನಲ್ಲ, ಅದನ್ನು ಕಲಿತದ್ದು ‘ಸ್ಪಾಯ್ಲರ್’ ಅಂತ ಆಡುತ್ತಿದ್ದ ಡಾನ್ ಜಾರ್ಡಿನ್‌ನಿಂದ.

ರೆಸಲ್‌ಮೇನಿಯಾದಲ್ಲಿ 21-0 ಮೊದಲಿಂದಾನೂ ಪ್ಲಾನ್ ಮಾಡಿದ್ದಾ?

ಇಲ್ಲ. ರೆಸಲ್‌ಮೇನಿಯಾ ಅಂದರೆ ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮ. ಅಲ್ಲಿ ಮೊದಲನೆಯ ಗೆಲುವು 1991ರ ಮಾರ್ಚ್ 24ರಂದು ಜಿಮ್ಮಿ ಸ್ನೂಕಾ ಎದುರು. ಅವತ್ತು ಅವನಿಗೆ 26 ತುಂಬಿತ್ತು. ಮೊದಲ ಹತ್ತು ವರ್ಷ ಯಾರೂ ಲೆಕ್ಕವನ್ನೇ ಇಡಲಿಲ್ಲ. ಆ ಪಟ್ಟಿಯಲ್ಲಿ ಜೈಂಟ್ ಗೊಂಜಾಲೆಸ್ ಜೊತೆಗಿನ ಪಂದ್ಯದಂಥ ಕೆಟ್ಟ ಪಂದ್ಯಗಳೂ ಇವೆ. ಅದನ್ನು ಗೆದ್ದದ್ದೂ ಎದುರಾಳಿ ಕ್ಲೋರೋಫಾರ್ಮ್ ಬಟ್ಟೆ ಒತ್ತಿ ಅನರ್ಹನಾದ ಕಾರಣಕ್ಕೆ. 1994 ಮತ್ತು 2000ದಲ್ಲಿ ಅವನು ಆಡಲೇ ಇಲ್ಲ. 2002ರಲ್ಲಿ ರಿಕ್ ಫ್ಲೇರ್‌ನನ್ನು ಸೋಲಿಸಿ ಹತ್ತು ಬೆರಳು ಎತ್ತಿ ತೋರಿಸಿದ. ಅಲ್ಲಿಂದ ಮುಂದೆ ಲೆಕ್ಕವೇ ಕಥೆ ಆಯಿತು. 2013ರಲ್ಲಿ ಸಿಎಂ ಪಂಕ್ ಸೋತಾಗ 21.

ಹಾಗಿದ್ರೆ ಲೆಸ್ನರ್ ಕೈಲಿ ಸೋಲಿಸಿದ್ದು ಯಾಕೆ? ಇವತ್ತಿಗೂ ಹೊಟ್ಟೆ ಉರಿಯುತ್ತೆ

ಸೋಲಿಸಿದ ತೀರ್ಮಾನ ವಿನ್ಸ್ ಮೆಕ್‌ಮಹನ್‌ನದು. 2014ರ ಏಪ್ರಿಲ್ 6, ನ್ಯೂ ಆರ್ಲಿನ್ಸ್. ಆ ದಿನವೇ ಅದು ಖಚಿತವಾಯಿತು. ಸುಮಾರು 75 ಸಾವಿರ ಜನರಿದ್ದ ಸ್ಟೇಡಿಯಂನಲ್ಲಿ ಮೂರು ಎಣಿಸಿದ ಮೇಲೆ ಗಂಟೆ ಹೊಡೆಯಿತು, ಸಂಗೀತ ತಡವಾಯಿತು, ಜನಕ್ಕೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಪರದೆಯ ಮೇಲೆ 21-1 ಅಂತ ಬಂದಾಗಲೇ ನಂಬಿದ್ದು.

ಪಂದ್ಯದ ನಡುವೆ ಅಂಡರ್‌ಟೇಕರ್‌ನ ತಲೆಗೆ ಪೆಟ್ಟಾಗಿತ್ತು. ಆ ದಿನ ಮಧ್ಯಾಹ್ನದ ನಂತರದ ಏನೂ ಅವನಿಗೆ ನೆನಪಿಲ್ಲ. ಒಳಗೆ ಹೋಗಿ ಕುಸಿದ. ವಿನ್ಸ್ ವರ್ಷದ ಅತಿ ದೊಡ್ಡ ಕಾರ್ಯಕ್ರಮವನ್ನು ನಡುವೆಯೇ ಬಿಟ್ಟು ಆಸ್ಪತ್ರೆಗೆ ಹೋದ. ಸೋತ ಬಗ್ಗೆ ಅಂಡರ್‌ಟೇಕರ್‌ನ ಮಾತು ಇಷ್ಟೇ: ಸೋಲೋಕೆ ಬೇಜಾರಿಲ್ಲ, ಆದರೆ ಲೆಸ್ನರ್‌ಗೆ ಆ ಗೆಲುವಿನ ಅಗತ್ಯ ಇರಲಿಲ್ಲ. ನನ್ನದೂ ಅದೇ ತಕರಾರು. ಆಗಲೇ ದೊಡ್ಡವನಾಗಿದ್ದವನಿಗೆ ಕೊಡೋ ಬದಲು ಬೆಳೆಯುವ ಹುಡುಗನೊಬ್ಬನಿಗೆ ಕೊಟ್ಟಿದ್ದರೆ ಅವನ ಬದುಕೇ ಬದಲಾಗುತ್ತಿತ್ತು. ಬೇರೆಯವರು ಒಪ್ಪದೇ ಇರಬಹುದು. ಆ ಸೋಲಿನಿಂದಲೇ ಲೆಸ್ನರ್ ಮುಂದಿನ ವರ್ಷಗಳಲ್ಲಿ ಸೋಲಿಲ್ಲದ ರಾಕ್ಷಸನಂತೆ ಕಂಡ ಅನ್ನೋ ವಾದವೂ ಇದೆ.

ಒಂದೇ ಒಂದು ಪಂದ್ಯ ನೋಡೋದಾದ್ರೆ ಯಾವುದು?

2009ರ ಏಪ್ರಿಲ್ 5, ಅವನ ಹುಟ್ಟೂರು ಹ್ಯೂಸ್ಟನ್, ಎದುರಿಗೆ ಶಾನ್ ಮೈಕಲ್ಸ್. ಅರ್ಧ ಗಂಟೆಯ ಪಂದ್ಯ. ಟೂಂಬ್‌ಸ್ಟೋನ್ ಆದ ಮೇಲೂ ಮೈಕಲ್ಸ್ ಭುಜ ಎತ್ತುತ್ತಾನೆ. ಆಗ ಅಂಡರ್‌ಟೇಕರ್ ಮುಖ ನೋಡಿ. ಹತ್ತೊಂಬತ್ತು ವರ್ಷ ಭಾವನೆ ತೋರಿಸದೆ ಇದ್ದವನು ಆ ಒಂದು ಕ್ಷಣಕ್ಕಾಗಿಯೇ ಕೂಡಿಟ್ಟಿದ್ದ ಹಾಗಿದೆ. ಇದೇ ಪಂದ್ಯದಲ್ಲಿ ಹಗ್ಗದ ಮೇಲಿಂದ ಹೊರಗೆ ಹಾರಿದಾಗ ಹಿಡಿಯಬೇಕಾದವನು ಸರಿಯಾಗಿ ಹಿಡಿಯಲಿಲ್ಲ. ತಲೆ ಮೊದಲು ನೆಲಕ್ಕೆ ಬಿತ್ತು. ಎದ್ದು ಮುಗಿಸಿದ.

ಮುಂದಿನ ವರ್ಷದ ಮರುಪಂದ್ಯದಲ್ಲಿ ಮೈಕಲ್ಸ್‌ನ ಕೆರಿಯರ್ರೇ ಪಣಕ್ಕಿತ್ತು. ಅದೇ ಮೇಲು ಅನ್ನುವವರೂ ತುಂಬಾ ಇದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ಅಷ್ಟೊಂದು ಗಾಯ ಆಗಿದೆ ಅಂತಾರಲ್ಲ, ಏನೇನು?

1995ರಲ್ಲಿ ಕಣ್ಣಿನ ಸುತ್ತಲ ಮೂಳೆ ಮುರಿಯಿತು. ವಾಪಸ್ ಬಂದಾಗ ಅರ್ಧ ಮುಖಕ್ಕೆ ಬೂದು ಬಣ್ಣದ ಮುಖವಾಡ ಹಾಕಿದ್ದು ಬರೀ ಅಲಂಕಾರಕ್ಕಲ್ಲ. 2010ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದು ಬರುವಾಗ ಬೆಂಕಿಯ ಎಫೆಕ್ಟ್ ತಪ್ಪಾದ ಹೊತ್ತಿಗೆ ಹತ್ತಿಕೊಂಡು ಕೋಟು ಸುಟ್ಟಿತು, ಎದೆ ಮತ್ತು ಕುತ್ತಿಗೆಗೆ ಸುಟ್ಟ ಗಾಯ ಆಯಿತು. ತನ್ನ ಸರದಿ ಬರೋವರೆಗೂ ಮೈಗೆ ನೀರು ಸುರಿದುಕೊಳ್ಳುತ್ತಾ ನಿಂತಿದ್ದ, ಆಮೇಲೆ ಆಡಿದ. 2011ರಲ್ಲಿ ಟ್ರಿಪಲ್ ಎಚ್ ಎದುರು ಗೆದ್ದವನು ಅವನೇ, ಆದರೆ ಗಾಡಿಯಲ್ಲಿ ಹೊರಗೆ ಹೋದವನೂ ಅವನೇ. 2017ರ ಪಂದ್ಯದ ನಂತರ ಸೊಂಟದ ಕೀಲಿನ ಆಪರೇಷನ್ ಆಯಿತು.

2017ರಲ್ಲೇ ಹ್ಯಾಟ್ ಬಿಚ್ಚಿಟ್ಟು ಹೋದ್ನಲ್ಲ, ಮತ್ತೆ ಯಾಕೆ ಬಂದ?

ರೋಮನ್ ರೇನ್ಸ್ ಎದುರು ಸೋತು ಗ್ಲೌಸ್, ಕೋಟು, ಹ್ಯಾಟು ರಿಂಗಿನ ನಡುವೆ ಇಟ್ಟು ಹೋದ. ಎಲ್ಲರೂ ಅತ್ತರು. ಆದರೆ ಆ ಪಂದ್ಯದ ವಿಡಿಯೋ ನೋಡಿ ಅವನಿಗೇ ನಾಚಿಕೆ ಆಯಿತು. ಇದು ನನ್ನ ಕೊನೆಯದಾಗಬಾರದು ಅನ್ನೋ ಹಟ ಹುಟ್ಟಿತು. ಆ ಹಟ ಅವನನ್ನು 2019ರ ಜೂನ್‌ನಲ್ಲಿ ಜೆಡ್ಡಾಗೆ ಕರೆದೊಯ್ದಿತು. ಗೋಲ್ಡ್‌ಬರ್ಗ್ ಜೊತೆಗಿನ ಆ ಪಂದ್ಯ ನೋಡೋಕೆ ಭಯವಾಗುತ್ತದೆ. ಇಬ್ಬರು ವಯಸ್ಸಾದವರು, ಒಬ್ಬನಿಗೆ ತಲೆಗೆ ಪೆಟ್ಟು, ಇನ್ನೊಬ್ಬನ ಕುತ್ತಿಗೆ ಸ್ವಲ್ಪದರಲ್ಲಿ ಉಳಿಯಿತು.

ಕೊನೆಗೆ ಅವನಿಗೆ ಬೇಕಾದ್ದು ಸಿಕ್ಕಿದ್ದು ಕೊರೊನಾ ಕಾಲದಲ್ಲಿ. 2020ರ ರೆಸಲ್‌ಮೇನಿಯಾದಲ್ಲಿ ಎಜೆ ಸ್ಟೈಲ್ಸ್ ಜೊತೆ ಸ್ಮಶಾನದ ಸೆಟ್‌ನಲ್ಲಿ ಸಿನಿಮಾದ ಹಾಗೆ ಚಿತ್ರೀಕರಿಸಿದ ಪಂದ್ಯ. ಗೆದ್ದು ಬೈಕ್ ಏರಿ ಹೋದ. ರೆಸಲ್‌ಮೇನಿಯಾ ಲೆಕ್ಕ 25 ಗೆಲುವು, 2 ಸೋಲು. ಅದೇ ನವೆಂಬರ್ 22ಕ್ಕೆ, ಬಂದು ಸರಿಯಾಗಿ 30 ವರ್ಷ ಆದ ದಿನ, ಓರ್ಲ್ಯಾಂಡೊದಲ್ಲಿ ವಿದಾಯ ಹೇಳಿದ. ಎದುರಿಗೆ ಜನರಿರಲಿಲ್ಲ, ಬರೀ ಪರದೆಗಳು. ಪಾಲ್ ಬೇರರ್‌ನ ಹೊಲೊಗ್ರಾಮ್ ಮೂಡಿಸಿದ್ದರು.

ಅಷ್ಟು ವರ್ಷ ಸಂದರ್ಶನ ಯಾಕೆ ಕೊಡ್ತಿರಲಿಲ್ಲ? ಈಗ ನೋಡಿದ್ರೆ ಬರೀ ಮಾತಾಡ್ತಾನೆ!

ಪಾತ್ರ ಒಡೆಯಬಾರದು ಅಂತ. ಹಳೇ ಕಾಲದ ಕುಸ್ತಿಪಟುಗಳು ರಿಂಗಿನ ಹೊರಗೂ ಪಾತ್ರದಲ್ಲೇ ಇರಬೇಕಿತ್ತು. ತೊಂಬತ್ತರ ಕೊನೆಗೆ ಉಳಿದವರೆಲ್ಲ ಅದನ್ನು ಬಿಟ್ಟರು, ಇವನು ಬಿಡಲಿಲ್ಲ. ಹೊರಗೆ ಕಾಣಿಸಿಕೊಂಡರೂ ಕಪ್ಪು ಬಟ್ಟೆ, ಕಮ್ಮಿ ಮಾತು. 2020ರ ಸಾಕ್ಷ್ಯಚಿತ್ರ ಸರಣಿಯಲ್ಲಿ ಮೊದಲ ಸಲ ಕ್ಯಾಮೆರಾಗೆ ಮನೆ, ನೋವು, ಹೆಂಡತಿ ಮಿಷೆಲ್ ಮೆಕೂಲ್ (ಅವಳೂ ಮಾಜಿ ಚಾಂಪಿಯನ್) ಎಲ್ಲ ತೋರಿಸಿದ. 2022ರಲ್ಲಿ ಡಲ್ಲಾಸ್‌ನಲ್ಲಿ ಹಾಲ್ ಆಫ್ ಫೇಮ್ ಸೇರಿದಾಗ ಮಾತಾಡಿದ್ದೂ ಮಾರ್ಕ್ ಆಗಿಯೇ. ಈಗ ಅವನದೇ ಪಾಡ್‌ಕಾಸ್ಟ್ ಇದೆ. ಹೆಸರು ‘ಸಿಕ್ಸ್ ಫೀಟ್ ಅಂಡರ್’. ಕೆಲವರಿಗೆ ಇದು ಬೇಜಾರು, ಗುಟ್ಟು ಗುಟ್ಟಾಗೇ ಇರಬೇಕಿತ್ತು ಅಂತಾರೆ. ನನಗಂತೂ ಆ ಮೊಟ್ಟೆಯ ಕಥೆ ಅವನ ಬಾಯಲ್ಲೇ ಕೇಳಲು ಸಿಕ್ಕಿದ್ದೇ ಖುಷಿ.